ಮರದ ಛಾಯಾಚಿತ್ರ: ಶಿಗ್ಗಾಂವ ಸೀಮೆಯಲ್ಲಿ ಕಲಿತ ಒಂದು ಪಾಠ

ಈ ಸ್ಮರಣ ಸಂಚಿಕೆಗೆ ನನ್ನಿಂದಲೂ ಒಂದು ಪಾಠವನ್ನು ಬರೆಯಿಸಬೇಕೆಂದು ಸಂಪಾದಕ ಮಂಡಲದವರು ಕೇಳಿಕೊಂಡಾಗ, ಚಿತ್ರಕಲೆಯ ವರ್ಗದಲ್ಲಿ ಇಷ್ಟು ವರ್ಷ ಹೇಳಿಕೊಟ್ಟ ವಿಷಯಗಳಲ್ಲಿ ಯಾವದನ್ನು ಆರಿಸಿಕೊಳ್ಳಬೇಕೆಂದು ಕೆಲವು ದಿವಸ ಯೋಚಿಸಿದೆನು. ಕಡೆಗೆ, ನಾನು ಚೆನ್ನಾಗಿ ಕಲಿಸಿದ ಪಾಠಕ್ಕಿಂತ ತಪ್ಪಾಗಿ ಕಲಿಸಿದ ಪಾಠವೇ ವಾಚಕರಿಗೆ ಹೆಚ್ಚು ಉಪಯೋಗಕ್ಕೆ ಬಂದೀತೆಂದು ತೋರಿತು. ಅದು ಮರಗಳ ಛಾಯಾಚಿತ್ರವನ್ನು ತೆಗೆಯುವ ವಿಷಯವು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಈಗ ಕಿಸೆಯಲ್ಲಿ ಕ್ಯಾಮೆರಾ ಇಲ್ಲದವರು ವಿರಳ. ಮೊಬೈಲು ಎಂಬ ಹೆಸರಿನಿಂದ ಅದು ಎಲ್ಲರ ಕೈಯಲ್ಲಿಯೂ ಇರುತ್ತದೆ. ಹೀಗಿರಲಾಗಿ ಇದನ್ನು ಕಲಿಯಲಿಕ್ಕೆ ಬೇರೆ ಸಾಮಾನು ಬೇಕಾಗುವದಿಲ್ಲ. ಬೇಕಾದದ್ದು ಒಂದು ಮರ, ಮತ್ತು ಅದರ ಮುಂದೆ ನಿಲ್ಲುವ ಸ್ವಲ್ಪ ಹೊತ್ತು.

2019ನೆಯ ಇಸವಿಯ ಜನವರಿಯಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯರನ್ನು ಕರೆದುಕೊಂಡು ಒಂದು ದಿವಸದ ಪ್ರವಾಸಕ್ಕೆ ಹೋಗಿದ್ದೆವು. ಮುಂಜಾನೆ ಶಿಗ್ಗಾಂವ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ಮಧ್ಯಾಹ್ನ ಬಂಕಾಪುರದ ಕೋಟೆ, ಸಂಜೆಗೆ ಸವಣೂರು, ಹೀಗೆ ಗೊತ್ತುಮಾಡಿಕೊಂಡಿದ್ದೆವು. ಮೂರೂ ಊರು ಹತ್ತಿರ ಹತ್ತಿರವೇ ಇವೆ. ಆದರೂ ಒಂದು ದಿವಸದಲ್ಲಿ ಮೂರು ಸ್ಥಳಗಳೆಂದರೆ ಅತಿಯಾಸೆಯೇ ಸರಿ. ಅದರ ಫಲವನ್ನು ಮುಂದೆ ಹೇಳುವೆನು.

ಗೊಟಗೋಡಿಯ ಉದ್ಯಾನವನ್ನು ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ನಿರ್ಮಿಸಿದರು. 2020ರಲ್ಲಿ ಅವರು ತೀರಿಕೊಂಡರು. ನಮ್ಮ ಸೀಮೆಯ ಹಳ್ಳಿಯ ಬಾಳನ್ನೇ ಅಲ್ಲಿ ಸಿಮೆಂಟಿನ ಪ್ರತಿಮೆಗಳಲ್ಲಿ ನಿಲ್ಲಿಸಿದ್ದಾರೆ. ಪ್ರತಿಮೆಗಳು ಎಷ್ಟು ಸಜೀವವಾಗಿವೆಯೆಂದರೆ, ಹುಡುಗಿಯರೆಲ್ಲರೂ ಒಳಗೆ ಕಾಲಿಟ್ಟ ಕೂಡಲೆ ಅವುಗಳ ಪಕ್ಕದಲ್ಲಿ ನಿಂತು ಒಬ್ಬರ ಚಿತ್ರವನ್ನೊಬ್ಬರು ತೆಗೆಯಲಿಕ್ಕೆ ತೊಡಗಿದರು. ಅರ್ಧ ತಾಸು ಬಿಟ್ಟು ನಾನು ಹೇಳಿದೆನು: “ಈಗ ಮೂರ್ತಿಗಳಿಗೆ ಬೆನ್ನುಮಾಡಿ ನಿಲ್ಲಿರಿ. ಇಲ್ಲಿರುವ ಮರಗಳಲ್ಲಿ ಒಂದೊಂದನ್ನು ಆರಿಸಿಕೊಳ್ಳಿರಿ. ಹತ್ತು ನಿಮಿಷ ಕ್ಯಾಮೆರಾ ಮುಟ್ಟಬೇಡಿರಿ, ನೋಡಿರಿ.” ಒಬ್ಬಳು, “ಅಕ್ಕೋರೆ, ಮರದಾಗ ಏನು ನೋಡೋದು? ಎಲ್ಲಾ ಒಂದೇ ಥರಾ ಐತಿ,” ಎಂದಳು. ಈ ಪ್ರಶ್ನೆಯಿಂದಲೇ ನಮ್ಮ ಪಾಠವು ಆರಂಭವಾಯಿತು.

ಮರವು ಒಂದೇ ತರವಾಗಿ ಕಾಣುವದು ನಾವು ಅದನ್ನು ನಡುಹಗಲಿನಲ್ಲಿ, ಎದುರಿನಿಂದ, ನಿಂತ ಎತ್ತರದಿಂದ ನೋಡುವದರಿಂದಲೇ. ಬಿಸಿಲು ನೆತ್ತಿಯ ಮೇಲಿರುವಾಗ ಬೊಡ್ಡೆಯ ಮೇಲೆ ನೆಳಲು ಬೀಳುವದಿಲ್ಲವಾದ್ದರಿಂದ ತೊಗಟೆಯ ಸೀಳು, ಗಂಟು, ಮಡಿಕೆ ಇವೊಂದೂ ತೋರುವದಿಲ್ಲ. ಅದೇ ಮರಕ್ಕೆ ಮುಂಜಾನೆ ಏಳು ಗಂಟೆಯ ಬಿಸಿಲು ಪಕ್ಕದಿಂದ ಬಿದ್ದರೆ, ಬೇವಿನ ತೊಗಟೆಯ ಉದ್ದುದ್ದನೆಯ ಬಿರುಕುಗಳಲ್ಲಿ ಒಂದೊಂದಕ್ಕೂ ಒಂದು ಕಪ್ಪು ಗೆರೆ ಮೂಡುತ್ತದೆ. ಇನ್ನು ಸೂರ್ಯನಿಗೆ ಎದುರಾಗಿ ನಿಂತು ಎಲೆಯನ್ನು ಅದರ ಹಿಂಬದಿಯಿಂದ ನೋಡಿದರೆ, ಎಲೆ ಬೆಳಕನ್ನು ಸೋಸಿ ಕೊಡುತ್ತದೆ. ಅರಳಿಯ ಚಿಗುರೆಲೆಯ ತಾಮ್ರವರ್ಣವನ್ನಾಗಲಿ ನರಗಳ ಜಾಲವನ್ನಾಗಲಿ ಕಾಣಬೇಕಾದರೆ ಹೀಗೆ ನೋಡಿದ ಹೊರತು ಬೇರೆ ಉಪಾಯವಿಲ್ಲ. ಆ ದಿವಸ ಪ್ರಶ್ನೆ ಕೇಳಿದ ಹುಡುಗಿಯು ನೆಲದ ಮೇಲೆ ಅಂಗಾತ ಮಲಗಿ ಟೊಂಗೆಗಳನ್ನು ಕೆಳಗಿನಿಂದ ತೆಗೆದಳು. ಸಮವಸ್ತ್ರಕ್ಕೆ ಧೂಳು ಹತ್ತಿತೆಂದು ಜೊತೆಯ ಶಿಕ್ಷಕಿಯರೊಬ್ಬರು ಬೇಸರಪಟ್ಟರು. ಚಿತ್ರ ಮಾತ್ರ ಒಳ್ಳೆಯದಾಗಿತ್ತು.

ಇಲ್ಲಿ ಯಂತ್ರದ ಒಂದು ಗುಟ್ಟನ್ನು ಹೇಳಬೇಕು. ಕ್ಯಾಮೆರಾಕ್ಕೆ ಮರವೆಂಬದು ಗೊತ್ತಿಲ್ಲ, ಆಕಾಶವೆಂಬದು ಗೊತ್ತಿಲ್ಲ. ಅದು ತನ್ನ ಮುಂದಿರುವ ಬೆಳಕನ್ನೆಲ್ಲ ಕೂಡಿಸಿ ಸರಾಸರಿಯ ನಡು ಬಣ್ಣಕ್ಕೆ ತರಲಿಕ್ಕೆ ಯತ್ನಿಸುತ್ತದೆ. ಬೆಳ್ಳನೆಯ ಆಕಾಶದ ಮುಂದೆ ಕಪ್ಪು ಮರವಿದ್ದರೆ, ಆಕಾಶವನ್ನು ತಗ್ಗಿಸಲು ಹೋಗಿ ಮರವನ್ನು ಮಸಿಯನ್ನಾಗಿ ಮಾಡುತ್ತದೆ. ತೊಗಟೆ ಕಾಣಬೇಕಾದರೆ ಪರದೆಯ ಮೇಲೆ ತೊಗಟೆಯಿರುವಲ್ಲಿ ಬೆರಳಿಟ್ಟು ಒತ್ತಬೇಕು. ಆಗ ಅದು ಆ ಭಾಗದ ಬೆಳಕನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಬರೇ ಆಕಾರವೇ ಸಾಕೆಂದರೆ ಆಕಾಶದ ಮೇಲೆ ಬೆರಳಿಡಬೇಕು. ಎರಡೂ ಸರಿಯೇ, ಯಾವದು ಬೇಕೆಂಬದನ್ನು ಯಂತ್ರಕ್ಕೆ ಬಿಡದೆ ನಾವು ನಿಶ್ಚಯಿಸಬೇಕು. ಹಾಗೆಯೇ ಎತ್ತರವಾದ ಮರವನ್ನು ಹಿಡಿಸಬೇಕೆಂದು ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆ ಮಲಗಿಸಿದರೆ ಬೊಡ್ಡೆಯು ಮೇಲುಗಡೆ ಸೊರಗಿ ಹಿಂದಕ್ಕೆ ಬೀಳುವಂತೆ ತೋರುತ್ತದೆ. ಮರ ನೆಟ್ಟಗೆ ನಿಲ್ಲಬೇಕಾದರೆ ಕ್ಯಾಮೆರಾವೂ ನೆಟ್ಟಗೆ ನಿಲ್ಲಬೇಕು. ಅದಕ್ಕಾಗಿ ನಾವು ಹಿಂದಕ್ಕೆ ಹೆಜ್ಜೆಯಿಟ್ಟು ದೂರ ಹೋಗಬೇಕು.

ಇಷ್ಟು ಶಿಸ್ತನ್ನು ಕಲಿತ ಮೇಲೆ ಅದನ್ನು ಮುರಿಯುವ ಆಟವೂ ಉಂಟು. ಮಸುಕು ಬೆಳಕಿನಲ್ಲಿ, ಕಾಲು ಸೆಕೆಂಡಿನಷ್ಟು ಹೊತ್ತು ಬೆಳಕು ಒಳಗೆ ಬರುವಂತೆ ಕ್ಯಾಮೆರಾವನ್ನು ಹವಣಿಸಿ, ಆ ಕಾಲು ಸೆಕೆಂಡಿನಲ್ಲಿ ಅದನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಸರಿಸಿದರೆ, ಸಾಲುಮರಗಳ ಬೊಡ್ಡೆಗಳು ಜಲವರ್ಣದ ಕುಂಚದಿಂದ ಎಳೆದ ಪಟ್ಟೆಗಳಂತೆ ಮೂಡುತ್ತವೆ. ಮರದ ಸುತ್ತಲೂ ಒಂದು ಪ್ರದಕ್ಷಿಣೆ ಬಂದು, ಹತ್ತು ಹನ್ನೆರಡು ಕಡೆಯಿಂದ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ತೆಳುವಾಗಿ ಹೊಂದಿಸಿದರೆ, ನಡುವೆ ಬೊಡ್ಡೆಯು ಗಟ್ಟಿಯಾಗಿ ನಿಂತು ಟೊಂಗೆಗಳೆಲ್ಲ ಹೊಗೆಯಂತೆ ಸುತ್ತುತ್ತವೆ. ಇವು ಹುಡುಗಿಯರಿಗೆ ಬಹಳ ಹಿಡಿಸಿದವು. ನನಗೆ ಅಷ್ಟಾಗಿ ಹಿಡಿಸಲಿಲ್ಲ, ಯಾಕಂದರೆ ಹತ್ತು ಚಿತ್ರಗಳಲ್ಲಿ ಒಂಬತ್ತು ಬರೇ ಕಲಸುಮೇಲೋಗರವಾಗುತ್ತವೆ. ಆದರೆ ಹತ್ತನೆಯದು ಕೆಲವು ಸಲ ಗಾಳಿಯನ್ನು ತೋರಿಸುತ್ತದೆಂಬದನ್ನು ಒಪ್ಪಿಕೊಳ್ಳಬೇಕು.

ಬಂಕಾಪುರದ ಕೋಟೆಯಲ್ಲಿ ನವಿಲುಗಳಿಗೆ ರಕ್ಷಣೆಯಿರುವದು ನಿಮಗೆ ತಿಳಿದೇ ಇದೆ. ನವಿಲು ಕಂಡಿತೆಂದರೆ ಹುಡುಗಿಯರು ಮರವನ್ನು ನೋಡುವದುಂಟೆ? ಆದ್ದರಿಂದ ಅಲ್ಲಿ ಪಾಠ ಮಾಡಲಿಲ್ಲ. ಒಂದು ಸಂಗತಿಯನ್ನು ಮಾತ್ರ ಬರೆಯುತ್ತೇನೆ. ಊಟಕ್ಕೆ ಒಂದು ಹುಣಸೆಯ ಮರದ ನೆಳಲಿನಲ್ಲಿ ಕೂತಿದ್ದಾಗ, ನೆಲದ ಮೇಲೆ ಬಿದ್ದಿದ್ದ ಬಿಸಿಲಿನ ಚುಕ್ಕೆಗಳೆಲ್ಲ ದುಂಡಗೆ ಇರುವದನ್ನು ಒಬ್ಬ ಹುಡುಗಿಯು ಕಂಡುಹಿಡಿದಳು. ಎಲೆಗಳ ನಡುವಿನ ಸಂದು ದುಂಡಗಿಲ್ಲ. ಅದು ಮೂಲೆಮೂಲೆಯಾಗಿ ಹೇಗೆಂದರೆ ಹಾಗೆ ಇರುತ್ತದೆ. ಅದರೊಳಗಿಂದ ಬಂದ ಬೆಳಕು ದುಂಡಗೆ ಬಿದ್ದದ್ದು ಹ್ಯಾಗೆ?

ಇದರ ಉತ್ತರವು ಛಾಯಾಚಿತ್ರಕಲೆಯ ಬುಡವೇ ಆಗಿದೆ. ಸಣ್ಣ ರಂಧ್ರದೊಳಗಿಂದ ಬಂದ ಬೆಳಕು ದೂರದಲ್ಲಿ ಬಿದ್ದಾಗ, ಅದು ರಂಧ್ರದ ಆಕಾರವನ್ನಲ್ಲ, ಬೆಳಕನ್ನು ಕೊಟ್ಟ ವಸ್ತುವಿನ ಆಕಾರವನ್ನು ತೋರಿಸುತ್ತದೆ. ನೆಲದ ಮೇಲಿನ ಒಂದೊಂದು ಚುಕ್ಕೆಯೂ ಸೂರ್ಯನ ಒಂದೊಂದು ಚಿತ್ರವು. ಮರವೇ ಸಾವಿರ ಕಣ್ಣಿನ ಕ್ಯಾಮೆರಾ. ಸೂರ್ಯನ ಬಿಂಬದ ಅಗಲವು, ರಂಧ್ರದಿಂದ ಬಿಂಬದವರೆಗಿನ ದೂರದ ಸುಮಾರು 108ರಲ್ಲಿ ಒಂದು ಪಾಲಿನಷ್ಟಿರುತ್ತದೆ. ಆದಕಾರಣ ಚುಕ್ಕೆಯು 5 ಸೆಂಟಿಮೀಟರ್ ಅಗಲವಿದ್ದರೆ, ಆ ಬೆಳಕು ಸುಮಾರು 5.4 ಮೀಟರ್ ದೂರದ ಸಂದಿನಿಂದ ಬಂದಿದೆ. ಬಿಸಿಲು ಓರೆಯಾಗಿದ್ದರೆ ಚುಕ್ಕೆಯು ಮೊಟ್ಟೆಯಾಕಾರವಾಗುವದರಿಂದ ಅದರ ಚಿಕ್ಕ ಅಗಲವನ್ನೇ ಅಳೆಯಬೇಕು. ತಾಯಂದಿರು ತಮ್ಮ ಮಕ್ಕಳ ಕೈಯಲ್ಲಿ ಒಂದು ಪಟ್ಟಿಯನ್ನು ಕೊಟ್ಟು ಮನೆಯ ಮುಂದಿನ ಬೇವಿನ ಕೆಳಗೆ ಇದನ್ನು ಮಾಡಿಸಿ ನೋಡಬಹುದು. ಗಣಿತವು ಬೇಸರವೆಂದು ಹೇಳುವ ಮಗುವೂ ಇದನ್ನು ಬೇಸರಿಸುವದಿಲ್ಲ.

ಅದೇ ವರ್ಷ ಡಿಸೆಂಬರ್ 26ರಂದು ಸೂರ್ಯಗ್ರಹಣವಾಯಿತು. ಕಾಸರಗೋಡು, ಮಂಗಳೂರುಗಳ ಕಡೆ ಅದು ಕಂಕಣಾಕೃತಿಯಾಗಿ ಕಂಡಿತು. ನಮ್ಮ ಕಡೆ ಬಹುಭಾಗ ಮುಚ್ಚಿತು. ಕ್ರಿಸ್‌ಮಸ್ ರಜೆಯಾದ್ದರಿಂದ ಹುಡುಗಿಯರೆಲ್ಲ ತಮ್ಮ ತಮ್ಮ ಮನೆಗಳಲ್ಲಿದ್ದರು. ಮುಂಜಾನೆ ಒಂಬತ್ತೂವರೆಯ ಸುಮಾರಿಗೆ ನನ್ನ ಮೊಬೈಲಿಗೆ ಒಂದರ ಹಿಂದೊಂದು ಚಿತ್ರಗಳು ಬರಲಿಕ್ಕೆ ಹತ್ತಿದವು: ಅಂಗಳದ ಮೇಲೆ, ಸಾರಿಸಿದ ಕಟ್ಟೆಯ ಮೇಲೆ, ಒಣಹಾಕಿದ ಸೀರೆಯ ಮೇಲೆ, ಸಾವಿರಾರು ಸಣ್ಣ ಸಣ್ಣ ಕುಡುಗೋಲುಗಳು. ಮರದ ಕೆಳಗಿನ ಪ್ರತಿಯೊಂದು ಚುಕ್ಕೆಯೂ ಅರೆಸೂರ್ಯನಾಗಿತ್ತು. ಸೂರ್ಯನ ಕಡೆಗೆ ಕಣ್ಣೆತ್ತದೆ ಗ್ರಹಣವನ್ನು ನೋಡುವ ಇಷ್ಟು ಕ್ಷೇಮಕರವಾದ ರೀತಿ ಬೇರೊಂದಿಲ್ಲ.

ಇನ್ನು ಕ್ಯಾಮೆರಾವೇ ಇಲ್ಲದೆ ಗಿಡದ ಚಿತ್ರವನ್ನು ತೆಗೆಯುವ ಬಗೆಯನ್ನು ಹೇಳುತ್ತೇನೆ. ಇದಕ್ಕೆ ಮೂಲಪುರುಷರೆಂದು ಪುರುಷರನ್ನೇ ಹೆಸರಿಸುವ ರೂಢಿಯಿದೆ. ಇಂಗ್ಲಂಡದ ಸರ್ ಜಾನ್ ಹರ್ಷೆಲರು 1842ರಲ್ಲಿ ಕಬ್ಬಿಣದ ಲವಣಗಳಿಂದ ನೀಲಿ ಚಿತ್ರ ಮೂಡಿಸುವ ಕ್ರಮವನ್ನು ಕಂಡುಹಿಡಿದದ್ದು ನಿಜವೇ. ಆದರೆ ಮರುವರ್ಷವೇ, 1843ರಲ್ಲಿ, ಅದನ್ನು ಪುಸ್ತಕಕ್ಕೆ ತಂದವರು ಆನ್ನಾ ಆಟ್ಕಿನ್ಸ್ ಎಂಬ ಮಹಿಳೆ. ಅವರು ತಮ್ಮ ದೇಶದ ಸಮುದ್ರ ಪಾಚಿಗಳನ್ನು ಒಂದೊಂದಾಗಿ ಕಾಗದದ ಮೇಲೆ ಹರಡಿ, ಬಿಸಿಲಿಗಿಟ್ಟು, ನೀಲಿ ನೆಲದ ಮೇಲೆ ಬಿಳಿಯ ಚಿತ್ರಗಳಾಗಿ ಮುದ್ರಿಸಿದರು. ಛಾಯಾಚಿತ್ರಗಳಿಂದ ಕೂಡಿದ ಜಗತ್ತಿನ ಮೊದಲನೆಯ ಪುಸ್ತಕವೆಂದು ಅದನ್ನೇ ಎಣಿಸುತ್ತಾರೆ. ಬರಹದ ಪುಟಗಳನ್ನು ಸಹ ಅವರು ತಮ್ಮ ಕೈಬರಹದಿಂದಲೇ, ಅದೇ ನೀಲಿ ಕ್ರಮದಲ್ಲಿ ಮೂಡಿಸಿದರು. ಮುಂದೆ ಇಂಜಿನಿಯರರು ಕಟ್ಟಡದ ನಕ್ಷೆಗಳನ್ನು ಪ್ರತಿಮಾಡಲು ಇದನ್ನೇ ಬಳಸಿದರು. ನಾವು ಈಗಲೂ ಆಡುವ ‘ನೀಲಿನಕ್ಷೆ’ ಎಂಬ ಮಾತು ಹುಟ್ಟಿದ್ದು ಇದರಿಂದಲೇ.

ವಿಧಾನವು ಹೀಗಿದೆ. ಹಸುರು ಬಣ್ಣದ ಫೆರಿಕ್ ಅಮೋನಿಯಮ್ ಸಿಟ್ರೇಟ್ 25 ಗ್ರಾಮನ್ನು 100 ಮಿಲಿಲೀಟರ್ ನೀರಿನಲ್ಲಿಯೂ, ಪೊಟ್ಯಾಸಿಯಮ್ ಫೆರಿಸಯನೈಡ್ 10 ಗ್ರಾಮನ್ನು ಬೇರೆ 100 ಮಿಲಿಲೀಟರ್ ನೀರಿನಲ್ಲಿಯೂ ಕರಗಿಸಿಡಬೇಕು. ಬೇಕಾದಾಗ ಎರಡನ್ನೂ ಸಮಸಮವಾಗಿ ಕೂಡಿಸಿ, ಮಂದ ಬೆಳಕಿನ ಕೋಣೆಯಲ್ಲಿ ದಪ್ಪ ಕಾಗದಕ್ಕೆ ಕುಂಚದಿಂದ ಸವರಿ, ಕತ್ತಲೆಯಲ್ಲಿ ಒಣಗಿಸಬೇಕು. ಅದರ ಮೇಲೆ ಎಲೆಯನ್ನಿಟ್ಟು, ಗಾಜು ಹೇರಿ, ಬಿಸಿಲಿಗೆ ಹಿಡಿಯಬೇಕು. ನಮ್ಮ ಕಡೆಯ ಬೇಸಿಗೆಯ ಬಿಸಿಲಿಗೆ ಐದರಿಂದ ಹತ್ತು ನಿಮಿಷ ಸಾಕಾಗುತ್ತದೆ. ಬಯಲಾದ ಭಾಗವು ಬೂದು ಬಣ್ಣಕ್ಕೆ ತಿರುಗಿದ ಮೇಲೆ, ಹಳದಿಯ ಛಾಯೆ ಪೂರ್ತಿ ಹೋಗುವ ತನಕ ನೀರಿನಲ್ಲಿ ತೊಳೆಯಬೇಕು. ಒಣಗಿದಂತೆ ನೀಲಿಯು ಗಾಢವಾಗುತ್ತದೆ. ಕೈಗೆ ಚೀಲ ಹಾಕಿಕೊಳ್ಳಬೇಕು. ಈ ದ್ರಾವಣಗಳಿಗೆ ಆಮ್ಲ ತಗಲಿಸಬಾರದು, ಒಲೆಯ ಹತ್ತಿರ ತರಬಾರದು, ಅಡಿಗೆಯ ಪಾತ್ರೆಯಲ್ಲಿ ಕಲಸಬಾರದು. ಎಲೆಗಳಲ್ಲಿ ಹುಣಸೆ, ಜಾಲಿ, ನುಗ್ಗೆ ಮುಂತಾದ ಸಣ್ಣ ದಳದವು ಬಹಳ ಅಂದವಾಗಿ ಮೂಡುತ್ತವೆ. ಮುತ್ತುಗದ ಎಲೆ ದಪ್ಪನಾದ್ದರಿಂದ ಬರೇ ಬಿಳಿಯ ಕಲೆಯಾಗಿ ಬರುತ್ತದೆ. ಊಟಕ್ಕೆ ಒಳ್ಳೆಯದು, ಚಿತ್ರಕ್ಕೆ ಅಷ್ಟಕ್ಕಷ್ಟೆ.

ರಸಾಯನದ ಹೆದರಿಕೆಯಿರುವ ಮನೆಗಳಿಗೆ ಅರಿಸಿನವಿದೆ. ಅರಿಸಿನದ ಪುಡಿಯನ್ನು ಸ್ಪಿರಿಟಿನಲ್ಲಿ ಕದಡಿ, ಸೋಸಿ, ಕಾಗದಕ್ಕೆ ಸವರಿ, ನೆಳಲಿನಲ್ಲಿ ಒಣಗಿಸಿರಿ. ಎಲೆಯನ್ನಿಟ್ಟು ಗಾಜಿನ ಕೆಳಗೆ ಕೆಲವು ತಾಸು ಬಿಸಿಲಿಗಿಟ್ಟರೆ, ಬಿಸಿಲು ತಗಲಿದಲ್ಲಿ ಅರಿಸಿನವು ಮಾಸಿ, ಎಲೆಯ ಕೆಳಗೆ ಮಾತ್ರ ಹಳದಿಯಾಗಿ ಉಳಿಯುತ್ತದೆ. ಅರಿಸಿನದ ಬಟ್ಟೆಯ ಕಲೆಯನ್ನು ಬಿಸಿಲಿಗೆ ಹಾಕಿ ತೆಗೆಯುವ ಅಜ್ಜಿಯಂದಿರಿಗೆ ಈ ತತ್ವವು ಹಿಂದಿನಿಂದ ಗೊತ್ತಿತ್ತು. ಅದರ ಮೇಲೆ ಅಡಿಗೆ ಸೋಡಾದ ನೀರನ್ನು ಚಿಮುಕಿಸಿದರೆ ಉಳಿದ ಹಳದಿಯು ಕೆಂಗಂದಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆತಾಗ ಕೆಂಪೇರುವದೂ ಇದೇ ಕಾರಣದಿಂದ. ಈ ಚಿತ್ರವನ್ನು ಗೋಡೆಗೆ ತೂಗಹಾಕಬೇಡಿರಿ. ಬೆಳಕಿನಲ್ಲಿ ಅದು ಮಾಸುತ್ತಲೇ ಹೋಗುತ್ತದೆ. ಪುಸ್ತಕದೊಳಗೆ ಇಡಬೇಕು.

ಈಗ ಸವಣೂರಿನ ಮಾತಿಗೆ ಬರುತ್ತೇನೆ.

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಮೂರು ಮಹಾವೃಕ್ಷಗಳು ಬಹು ಪ್ರಾಚೀನ ಕಾಲದಿಂದ ನಿಂತಿದ್ದವು. ಜನರು ದೊಡ್ಡಹುಣಸೆ ಎನ್ನುತ್ತಾರೆ, ಯಾಕಂದರೆ ಅದರ ಕಾಯೊಳಗಿನ ತಿರುಳು ಹುಳಿಯಾಗಿರುತ್ತದೆ. ಹುಣಸೆಗೂ ಅದಕ್ಕೂ ನಂಟಿಲ್ಲ. ಅದು ಆಫ್ರಿಕ ಖಂಡದ ಬಾವೋಬಾಬ್ ಮರವು. ಕುಲದಿಂದ ನಮ್ಮ ಬೂರುಗದ ಮರಕ್ಕೆ ಹತ್ತಿರದ್ದು. ಸೆನೆಗಾಲ್ ದೇಶದಲ್ಲಿ ಅದನ್ನು ಕಂಡು ವರ್ಣಿಸಿದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಮಿಶೆಲ್ ಆಡಾನ್ಸನ್ (1727–1806) ಅವರ ಹೆಸರಿನಿಂದ ಅದಕ್ಕೆ ಆಡಾನ್ಸೋನಿಯ ಎಂಬ ಶಾಸ್ತ್ರೀಯ ನಾಮವಾಯಿತು. ಕೃಷ್ಣನೇ ಸಸಿಗಳನ್ನು ತಂದು ನೆಟ್ಟನೆಂದು ಸ್ಥಳದ ಕಥೆಯು ಹೇಳುತ್ತದೆ. ಅರಬ್ಬರ ವ್ಯಾಪಾರದ ಮೂಲಕ ಬಂದಿರಬಹುದೆಂದು ಪಂಡಿತರು ತರ್ಕಿಸುತ್ತಾರೆ. ಬೊಡ್ಡೆಯು ನೀರನ್ನು ಹಿಡಿದಿಡುವ ಹಗೇವಿನಂತೆ ಉಬ್ಬಿರುತ್ತದೆ. ತೊಗಟೆ ಬೂದು ಬಣ್ಣದ್ದು, ಆನೆಯ ತೊಗಲಿನಂತೆ ಮಡಿಕೆಮಡಿಕೆಯಾಗಿದೆ. ಚಳಿಗಾಲ ಬೇಸಿಗೆಗಳಲ್ಲಿ ಎಲೆಯುದುರಿ, ಬೇರನ್ನೇ ಮೇಲುಮಾಡಿ ನೆಟ್ಟಂತೆ ಕಾಣುತ್ತದೆ. ಬಿಳಿಯ ದೊಡ್ಡ ಹೂವುಗಳು ಸಂಜೆಯ ಮೇಲೆ ಅರಳುತ್ತವೆ; ಆಫ್ರಿಕದಲ್ಲಿ ಬಾವಲಿಗಳು ಅವುಗಳ ಪರಾಗವನ್ನು ಸಾಗಿಸುತ್ತವೆ.

ಎಲೆಯಿಲ್ಲದ ಮರವು ಚಿತ್ರಗಾರನಿಗೆ ಒಂದು ವರವೇ. ವಿಲಿಯಮ್ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬ ಆಂಗ್ಲರು ಕಾಗದದ ಮೇಲೆ ಛಾಯಾಚಿತ್ರವನ್ನು ಮೂಡಿಸುವ ಕ್ರಮವನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ, 1840ರ ದಶಕದ ಆರಂಭದಲ್ಲಿ, ಚಳಿಗಾಲದ ಒಂದು ಓಕ್ ಮರದ ಚಿತ್ರವನ್ನು ತೆಗೆದರು. ಆಗ ಚಿತ್ರವು ಮೂಡಲು ಬಹಳ ಹೊತ್ತು ಬೇಕಾಗುತ್ತಿತ್ತು. ಎಲೆಯಿದ್ದರೆ ಗಾಳಿಗೆ ಅಲುಗಿ ಎಲ್ಲವೂ ಮಸುಕಾಗುವದು. ಬೋಳು ಟೊಂಗೆಗಳಾದರೆ ಒಂದೊಂದು ಕಡ್ಡಿಯೂ ನಿಚ್ಚಳವಾಗಿ ಮೂಡುವದು. ಆ ಚಿತ್ರದ ಕಥೆಯನ್ನು ನಾನು ದಾರಿಯಲ್ಲಿ ಹುಡುಗಿಯರಿಗೆ ಹೇಳಿಕೊಂಡು ಬಂದಿದ್ದೆನು.

ನಾವು ಸವಣೂರು ಸೇರುವಾಗ ಹೊತ್ತು ಇಳಿದಿತ್ತು. ಎಂಟು ಮಂದಿ ಹುಡುಗಿಯರು ಕೈಕೈ ಹಿಡಿದು ಒಂದು ಬೊಡ್ಡೆಯನ್ನು ಸುತ್ತುವರಿಯಲು ಹೋದರೆ ಕೈ ಸಾಲಲಿಲ್ಲ, ಮತ್ತಿಬ್ಬರನ್ನು ಕರೆದರು. ನಾನು ಅವಸರದಲ್ಲಿದ್ದೆನು. ಮೂರರಲ್ಲಿ ಒಂದು ಮರದ ಮುಂದೆ ಗೋಡೆ, ತಂತಿ, ಒಣಹಾಕಿದ ಅರಿವೆ ಇವೆಲ್ಲ ನಡುವೆ ಬರುತ್ತಿದ್ದವು. “ಅದನ್ನು ಬಿಡಿರಿ, ಚಿತ್ರ ಶುದ್ಧವಾಗಿ ಬರುವದಿಲ್ಲ; ಈ ಎರಡನ್ನು ತೆಗೆಯಿರಿ,” ಎಂದು ನಾನೇ ಹೇಳಿದೆನು. ಹುಡುಗಿಯರು ವಿಧೇಯರಾಗಿ ಎರಡನ್ನೇ ತೆಗೆದರು. ಗೊಟಗೋಡಿಯಲ್ಲಿ ಧೂಳಿನಲ್ಲಿ ಮಲಗಿದ ಆ ಹುಡುಗಿಯೊಬ್ಬಳು ಮಾತ್ರ ಹಿಂದೆ ಉಳಿದಳು. ಕೂಗಿ ಕರೆಯಬೇಕಾಯಿತು. “ಎಲ್ಲಿ ಹೋಗಿದ್ದಿ?” ಎಂದರೆ, “ಆ ಮರಾನೂ ಒಂದು ತೆಗೆದೆ ಅಕ್ಕೋರೆ, ಅದೊಂದನ್ನೇ ಬಿಟ್ಟರ ಅದಕ್ಕ ಬ್ಯಾಸರ ಆಗ್ತೈತಿ,” ಎಂದಳು. ಗಾಡಿಯಲ್ಲಿದ್ದವರೆಲ್ಲರೂ ನಕ್ಕರು. ನಾನೂ ನಕ್ಕೆನು.

2023ರ ಮಳೆಗಾಲದಲ್ಲಿ ಆ ಮೂರು ಮರಗಳಲ್ಲಿ ಒಂದು ಬುಡಸಹಿತ ಉರುಳಿಬಿದ್ದಿತು. ಸುದ್ದಿಯನ್ನು ಓದಿದ ದಿವಸ ನಾನು ಹಳೆಯ ಚಿತ್ರಗಳನ್ನು ಹುಡುಕಿದೆನು. ನಾವು ಬಿಟ್ಟುಬಂದ ಮರವೇ ಅದಾಗಿತ್ತು. ಇಪ್ಪತ್ತೆರಡು ಹುಡುಗಿಯರು ತೆಗೆದ ಇನ್ನೂರಕ್ಕೂ ಮಿಕ್ಕಿದ ಚಿತ್ರಗಳಲ್ಲಿ ಆ ಮರದ್ದೆಂಬದು ಒಂದೇ ಒಂದು. ಅದರಲ್ಲಿಯೂ ಇಡೀ ಮರವಿಲ್ಲ. ಬೊಡ್ಡೆಯ ಒಂದು ಪಕ್ಕ, ಓರೆಬಿಸಿಲಿನಲ್ಲಿ ಎದ್ದುತೋರುವ ಮಡಿಕೆಗಳು, ಅದರ ಮುಂದೆ ತಂತಿಯ ಮೇಲೆ ಒಣಗುತ್ತಿರುವ ಒಂದು ಟುವಾಲು. ನಾನು ಅಶುದ್ಧವೆಂದು ಬಿಡಿಸಿದ್ದೆಲ್ಲವೂ ಅದರಲ್ಲಿದೆ. ಆ ಟುವಾಲಿನಿಂದಲೇ ಬೊಡ್ಡೆಯ ಗಾತ್ರವು ನೋಡುವವರಿಗೆ ತಿಳಿಯುತ್ತದೆ. ನಾನು ತೆಗೆಯಿಸಿದ ಶುದ್ಧವಾದ ಚಿತ್ರಗಳಲ್ಲಿ ಮರವು ಎಷ್ಟು ದೊಡ್ಡದೆಂದು ಹೇಳಲಿಕ್ಕೆ ಯಾವ ಗುರುತೂ ಇಲ್ಲ.

ಬಿದ್ದ ಮರವನ್ನು ಟೊಂಗೆ ಕಡಿದು, ಯಂತ್ರಗಳ ಸಹಾಯದಿಂದ ಎತ್ತಿ, ಮತ್ತೆ ನಿಲ್ಲಿಸಿ ನೆಟ್ಟರು. ನಾನು ಆ ಹುಡುಗಿಗೆ ಕಾಗದ ಬರೆದು ಅವಳ ಚಿತ್ರದ ಒಂದು ಪ್ರತಿಯನ್ನು ತರಿಸಿಕೊಂಡೆನು. ಅದು ಈಗ ಚಿತ್ರಕಲೆಯ ಕೋಣೆಯಲ್ಲಿ ಹಲಗೆಯ ಪಕ್ಕಕ್ಕೆ ಇದೆ.

ಅಂದಿನಿಂದ ನನ್ನ ಪಾಠದ ಕ್ರಮವನ್ನು ಬದಲಿಸಿದ್ದೇನೆ. ಈಗ ಪ್ರತಿಯೊಬ್ಬ ಹುಡುಗಿಯೂ ವರ್ಷದ ಆರಂಭದಲ್ಲಿ ತನ್ನ ಓಣಿಯ ಒಂದು ಮರವನ್ನು ಆರಿಸಿಕೊಳ್ಳುತ್ತಾಳೆ. ನಿಲ್ಲುವ ಜಾಗಕ್ಕೆ ಒಂದು ಕಲ್ಲಿನ ಗುರುತು ಮಾಡಿಕೊಳ್ಳುತ್ತಾಳೆ. ಪ್ರತಿ ತಿಂಗಳಿಗೊಮ್ಮೆ, ಅದೇ ಕಲ್ಲಿನ ಮೇಲಿಂದ, ಅದೇ ಎತ್ತರದಿಂದ, ಒಂದು ಚಿತ್ರವನ್ನು ತೆಗೆಯಬೇಕು. ನಡುವೆ ತಂತಿ ಬಂದರೆ ಬರಲಿ, ಎಮ್ಮೆ ಬಂದರೆ ಬರಲಿ. ಅದಾದ ಮೇಲೆ ಬೇಕಾದ ಕಲ್ಪನೆಯ ಚಿತ್ರಗಳನ್ನೆಲ್ಲ ತೆಗೆಯಬಹುದು. ಹನ್ನೆರಡು ಚಿತ್ರಗಳನ್ನು ಸಾಲಾಗಿಟ್ಟು ನೋಡಿದಾಗ, ಎಲೆಯುದುರಿದ ಮುತ್ತುಗವು ಫೆಬ್ರವರಿ ಮಾರ್ಚಿನಲ್ಲಿ ಬೆಂಕಿಯಂತೆ ಹೂತದ್ದೂ, ಹೊಂಗೆಯು ಬಿರುಬಿಸಿಲಿನ ಬಾಯಲ್ಲಿಯೇ ಹೊಳೆಯುವ ಹಸುರನ್ನು ಉಟ್ಟದ್ದೂ, ಕಕ್ಕೆಯು ಹಳದಿಯ ಜಡೆಗಳನ್ನು ಇಳಿಬಿಟ್ಟದ್ದೂ ಹೇಳದೆಯೇ ತಿಳಿಯುತ್ತವೆ. ಒಬ್ಬ ಹುಡುಗಿಯ ಸಾಲಿನಲ್ಲಿ ಒಂಬತ್ತನೆಯ ಚಿತ್ರದಿಂದ ಮುಂದೆ ಮರವಿಲ್ಲ, ರಸ್ತೆಯಿದೆ. ಅವಳು ಆ ಮೇಲಿನ ಮೂರನ್ನೂ ತಪ್ಪದೆ ಅದೇ ಕಲ್ಲಿನಿಂದ ತೆಗೆದು ತಂದಿದ್ದಳು. ನಾನು ಅವಳಿಗೆ ಪೂರ್ಣ ಅಂಕಗಳನ್ನು ಕೊಟ್ಟೆನು. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ಕಡೆಗೆ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪಾಲಕರಲ್ಲಿಯೂ ಒಂದು ಬಿನ್ನಹವುಂಟು. ಸವಣೂರಿನ ಆ ಮೂರು ಮರಗಳು ಒಟ್ಟಿಗೆ ನಿಂತಿದ್ದಾಗಿನ ಚಿತ್ರಗಳು ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಇರಬಹುದು. ಮದುವೆಯ ದಿಬ್ಬಣದವರು ಅದರಡಿ ನಿಂತದ್ದಾಗಲಿ, ಶಾಲೆಯ ಪ್ರವಾಸದಲ್ಲಿ ತೆಗೆದದ್ದಾಗಲಿ, ಎಷ್ಟು ಮಸುಕಾಗಿದ್ದರೂ ಆಗಬಹುದು. ಮನುಷ್ಯರ ಹಿಂದೆ ಮರದ ಒಂದು ಟೊಂಗೆ ಕಂಡರೂ ಸಾಕು. ಅವುಗಳ ಪ್ರತಿಯನ್ನು ಚಿತ್ರಕಲೆಯ ವಿಭಾಗಕ್ಕೆ ಕಳುಹಿಸಿಕೊಡಬೇಕು. ಮೂಲಚಿತ್ರವನ್ನು ಅಂಚೆಯಲ್ಲಿ ಕಳುಹಿಸಬೇಡಿರಿ. ಹಿಂಬದಿಯಲ್ಲಿ ವರ್ಷವನ್ನೂ, ನೆನಪಿದ್ದರೆ ತಿಂಗಳನ್ನೂ, ತೆಗೆದವರು ಯಾವ ದಿಕ್ಕಿಗೆ ಮುಖಮಾಡಿ ನಿಂತಿದ್ದರೆಂಬದನ್ನೂ ಸೀಸಕಡ್ಡಿಯಿಂದ ಬರೆದಿರಬೇಕು. ಶಾಯಿಯು ಕಾಗದದೊಳಗೆ ಇಳಿಯುತ್ತದೆ.